ಸಮವಲ್ಲದ ಗುಂಪುಗಳು

ಜಪ್ಪಯ್ಯ ಅಂದರೂ ಜಗ್ಗುವವಳಲ್ಲ ಅಕ್ಕ. ರೋಗಿಗೆ ಹನಿಹನಿಯಾಗಿ ಔಷಧ ಕೊಡುವ ಯಂತ್ರದ ಸಾಫ್ಟ್‌ವೇರನ್ನು ಹೇಗೆ ಪರೀಕ್ಷಿಸಬೇಕು ಎಂಬ ಮಾತು ಕಚೇರಿಯಲ್ಲಿ ಬಂದಾಗ, ತನ್ನ ವಿಧಾನವೇ ಮೇಲೆಂದು ಗಣಿತದಲ್ಲೇ ತೋರಿಸಿಕೊಡುತ್ತೇನೆಂದು ಪಟ್ಟು ಹಿಡಿದು ಕೂತಳು. ಯಂತ್ರಕ್ಕೆ ಕೊಡಬಹುದಾದ ಅಳತೆಗಳನ್ನೆಲ್ಲ ಗುಂಪು ಮಾಡಿ, ಗುಂಪಿಗೊಂದರಂತೆ ಆರಿಸಿ ನೋಡುವುದು ಅವಳ ವಿಧಾನ. ಅದೇ ಕಚೇರಿಯಲ್ಲಿದ್ದ ತಂಗಿಗೆ ಗುಂಪುಗಿಂಪು ಏನೂ ಬೇಡ, ಕೈಗೆ ಸಿಕ್ಕ ಅಳತೆ ಎತ್ತಿಕೊಳ್ಳುವುದು. “ಕಣ್ಣಾಮುಚ್ಚಾಲೆ ಆಡ್ತಿದ್ದಾಳೆ ನಮ್ಮ ಪುಟ್ಟಿ!” ಎಂದು ಅಕ್ಕ ಎಲ್ಲರೆದುರು ನಕ್ಕಿದ್ದಳು. ಅಂದಿನಿಂದ ತಂಗಿಯದು ಕೆಲಸಕ್ಕೆ ಬೇಕಾದಷ್ಟೇ ಮಾತು, ಊಟಕ್ಕೆ ಬೇರೆ ಮೇಜು. ಅಕ್ಕನಿಗೂ ಒಳಗೊಳಗೇ ಸಂಕಟ. ಆದರೆ ತಾನಾಗಿ ಹೋಗಿ ಮಾತಾಡಿಸುವುದುಂಟೇ? ದೊಡ್ಡವಳಲ್ಲವೇ!

ತೀರ್ಮಾನದ ದಿನ ಸಭೆಯ ಮುಂದೆ ಬೋರ್ಡಿನ ಮೇಲೆ ರುಜುವಾತು ಬರೆಯುತ್ತಿದ್ದವಳ ಕೈ ನಡುವೆಯೇ ನಿಂತಿತು. ಗುಂಪುಗಳೆಲ್ಲ ಒಂದೇ ಗಾತ್ರದವೆಂದು ತಾನು ಸುಮ್ಮನೆ ಒಪ್ಪಿಕೊಂಡುಬಿಟ್ಟಿದ್ದಳು. ನಿಜದಲ್ಲಿ ಒಟ್ಟು ಅಳತೆಗಳಲ್ಲಿ ನಿಧಾನ ಹನಿಯ ಗುಂಪೊಂದೇ ಮುಕ್ಕಾಲು ಪಾಲು. ದೋಷವೆಲ್ಲ ಅಲ್ಲೇ ಅಡಗಿದ್ದರೆ, ಅವಳ ವಿಧಾನದಲ್ಲಿ ಅಲ್ಲಿಗೆ ಸಿಗುವುದು ಒಂದೇ ಪರೀಕ್ಷೆ. ಮಿಕ್ಕಿದ್ದೆಲ್ಲ ಚಿಕ್ಕಪುಟ್ಟ ಗುಂಪುಗಳಲ್ಲಿ ದಂಡ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರೆ ನಾಲ್ಕರಲ್ಲಿ ಸುಮಾರು ಮೂರು ಅಲ್ಲಿಯವೇ ಆಗಿರುತ್ತವೆ; ಆಗ ತಂಗಿಯ ಕಣ್ಣಾಮುಚ್ಚಾಲೆಯೇ ಗೆಲ್ಲುತ್ತದೆ.

ಆ ಸಾಲನ್ನು ಸರ್ರನೆ ದಾಟಿಬಿಟ್ಟರೆ ಕೋಣೆಯಲ್ಲಿ ಯಾರಿಗೂ ಗೊತ್ತಾಗದು ಎನಿಸಿತು. ಆದರೆ ಎಲ್ಲೋ ಹಾಸಿಗೆ ಹಿಡಿದವರೊಬ್ಬರ ಮೈಗೆ ತಪ್ಪು ಅಳತೆಯ ಔಷಧ ಇಳಿದೀತು.

“ನನ್ನ ರುಜುವಾತು ತಪ್ಪು” ಎಂದಳು.

“ಹಾಗಾದ್ರೆ ಯಾವುದು ಮೇಲಮ್ಮಾ?” ವಿಭಾಗದ ಮುಖ್ಯಸ್ಥರು ಕೇಳಿದರು.

“ಗೊತ್ತಿಲ್ಲ ಸರ್.”

ಆ ಮಾತನ್ನು ಅವಳ ಬಾಯಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಹಿಂದಿನ ಸಾಲಿನಿಂದ ತಂಗಿ ಎದ್ದು ಬಂದು ಅವಳ ಕೈಯಿಂದ ಪೆನ್ನು ತೆಗೆದುಕೊಂಡಳು. ದೊಡ್ಡ ಗುಂಪಿಗೆ ಹೆಚ್ಚು, ಚಿಕ್ಕದಕ್ಕೆ ಕಡಿಮೆ, ಹೀಗೆ ಗಾತ್ರಕ್ಕೆ ತಕ್ಕಂತೆ ಪರೀಕ್ಷೆಗಳನ್ನು ಹಂಚಿದರೆ ಅಕ್ಕನ ವಿಧಾನ ತನ್ನದಕ್ಕೆ ಎಂದೂ ಸೋಲುವುದಿಲ್ಲ ಎಂದು ಬರೆದು ತೋರಿಸಿದಳು.

“ಇದು ನಿಂಗೆ ಯಾವಾಗ ಹೊಳೀತೇ?” ಅಕ್ಕ ಕೇಳಿದಳು.

“ಆವತ್ತೇ. ಹೇಳೋಕೇ ಬಂದಿದ್ದೆ ಅಕ್ಕಾ. ನೀನು ನಗ್ತಾ ಇದ್ದೆ.”

ಅಕ್ಕನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಹೋಗಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಳು.

“ಮೊದಲಿಂದ ಹೇಳು,” ಎಂದಳು. “ಕೇಳ್ತೀನಿ.”