ಒಂದು ಪಾಲು ಬಂಗುಡೆ

ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ಒಬ್ಬರಿಗೆ ಆಗುವಷ್ಟು ಮೀನು ಸಿಗುವುದಿಲ್ಲವೆಂಬುದು ವಿಜೇತಾಳಿಗೆ ತಿಳಿದದ್ದು ಹರಿಣಾಕ್ಷಿ ದೂರವಾದ ಮೇಲೆಯೇ. ಬಂಗುಡೆಯನ್ನು ಅಲ್ಲಿ ಪಾಲು ಹಾಕಿ ಮಾರುತ್ತಾರೆ. ಐದಾರು ಮೀನಿನ ಒಂದೊಂದು ಗುಡ್ಡೆ. ಕೊಂಡರೆ ಗುಡ್ಡೆಯನ್ನೇ ಕೊಳ್ಳಬೇಕು.

"ನಾಗಕ್ಕ, ಎರಡೇ ಎರಡ್ ಕೊಡಿ," ಎಂದಳು ಆ ಭಾನುವಾರ.

ಕೋಡಿಯಿಂದ ಬುಟ್ಟಿ ಹೊತ್ತು ಬರುವ ನಾಗು ತಲೆಯೆತ್ತಲಿಲ್ಲ. "ಉಳ್ದದ್ದ್ ನಿನ್ ಗಂಡ ಬಂದ್ ತಕಂಡ್ ಹೋತ್ನಾ? ಪಾಲ್ ಒಡೂಕ್ ಆತಿಲ್ಲೆ ಹೆಣೆ." ನೊಣ ಓಡಿಸುತ್ತಾ ಮತ್ತೆ ಕೇಳಿದಳು: "ನಿನ್ ಜೋಡಿ ಎಲ್ಲಿ? ಆ ಕೆರಾಡಿ ಹೆಣ್ಣ್? ಮೀನ್ ಕಂಡ್ರೆ ಬಾಯ್ ಬಿಡ್ತಿತ್ತಲೆ!"

"ಅದ್ಕೆ ಹುಷಾರಿಲ್ಲೆ," ಎಂದಳು ವಿಜೇತಾ. ಸುಳ್ಳು ಹೇಳಿದ ಸಿಟ್ಟಿಗೆ ಇಡೀ ಪಾಲನ್ನೇ ಕೊಂಡಳು.

ಬೈಂದೂರಿನಿಂದ ಬಿ.ಕಾಂ. ಓದಲು ಬಂದ ವಿಜೇತಾಳಿಗೂ ಕೆರಾಡಿಯ ಹರಿಣಾಕ್ಷಿಗೂ ಒಂದೇ ಮನೆಯ ಹಿಂಬದಿಯಲ್ಲಿ ಒತ್ತೊತ್ತಿಗೆ ಬಾಡಿಗೆ ಕೋಣೆಗಳು. ಇಬ್ಬರ ಬಳಿಯೂ ಸೀಮೆಎಣ್ಣೆ ಸ್ಟವ್ ಇತ್ತು, ಹಚ್ಚುತ್ತಿದ್ದದ್ದು ಒಂದನ್ನೇ. ಒಬ್ಬಳೇ ತೆಂಗಿನಕಾಯಿ ಒಡೆದರೆ ಉಳಿದರ್ಧ, ಒಂದು ಕಡಿ, ಮರುದಿನಕ್ಕೆ ಲೋಳೆ ಕಟ್ಟುತ್ತದೆ. ಬಸಳೆಯ ಕಟ್ಟು ಅರ್ಧಕ್ಕೇ ಬಾಡುತ್ತದೆ. ಇಬ್ಬರಾದರೆ ಯಾವುದೂ ಹಾಳಾಗುವುದಿಲ್ಲ. ಹರಿಣಾಕ್ಷಿ ಮೀನು ಹಸನು ಮಾಡುತ್ತಿದ್ದಳು, ವಿಜೇತಾ ಮಸಾಲೆ ಅರೆಯುತ್ತಿದ್ದಳು. ದೊಡ್ಡ ತುಂಡು ಯಾವಾಗಲೂ ಹರಿಣಾಕ್ಷಿಯ ತಟ್ಟೆಗೆ ಹೋಗುತ್ತಿತ್ತು. ಅವಳೇ ಆರಿಸಿಕೊಳ್ಳುತ್ತಿದ್ದಳು. ವಿಜೇತಾ ಸುಮ್ಮನೆ ನೋಡುತ್ತಿದ್ದಳು, ನೋಡಿ ಸುಖಪಡುತ್ತಿದ್ದಳು.

ದಸರಾ ರಜೆ ಕಳೆದ ಮೇಲೆ ಮೂರನೆಯ ಕೋಣೆಗೆ ಬ್ರಹ್ಮಾವರದ ಒಳಊರಿನ ಚಂದನಾ ಬಂದಳು. ಮೀನು ತಿನ್ನದ ಮನೆಯವಳು. ಮೊದಲು ಬೆಂಕಿಪೆಟ್ಟಿಗೆ ಕೇಳಿಕೊಂಡು ಬಂದಳು, ಆಮೇಲೆ ಒಂದು ಕಡಿ ಕಾಯಿಗೆ. ಕೆಲವೇ ದಿನಗಳಲ್ಲಿ ಹರಿಣಾಕ್ಷಿಯ ಪಾತ್ರೆಗಳೆಲ್ಲ ಆ ಕೋಣೆ ಸೇರಿದ್ದವು. "ನೀನೂ ಬಾ," ಎಂದು ಒಮ್ಮೆ ಕರೆದಿದ್ದರು. ಇನ್ನೊಮ್ಮೆ ಕರೆಯಲಿ ಎಂದು ವಿಜೇತಾ ಸುಮ್ಮನಿದ್ದಳು. ಅವರು ಕರೆಯಲಿಲ್ಲ. ಗೋಡೆಯಾಚೆ ಒಗ್ಗರಣೆ ಚಟಪಟ ಎನ್ನುವುದೂ, ಅದರ ಬೆನ್ನಿಗೇ ಇಬ್ಬರು ನಗುವುದೂ ಅವಳಿಗೆ ದಿನವೂ ಕೇಳಿಸುತ್ತಿತ್ತು.

ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಹರಿಣಾಕ್ಷಿ ಮೀನನ್ನೇ ಬಿಟ್ಟಿದ್ದಳು. "ಚಂದನಾನ ಪಾತ್ರಿ ಎಲ್ಲಾ ಮುಟ್ತ್ನಲೆ ಮಾರಾಯ್ತಿ, ಅದ್ಕೇ ಬಿಟ್ಟೆ," ಎಂದು ಬಟ್ಟೆ ಒಣಗಹಾಕುತ್ತಾ ಹಗುರವಾಗಿ ಹೇಳಿದ್ದಳು. ವಿಜೇತಾಳಿಗಾಗಿ ಒಂದು ತುಂಡನ್ನೂ ಬಿಟ್ಟುಕೊಡದವಳು!

ವಿಜೇತಾ ಆ ಭಾನುವಾರ ಸಂಜೆ ಸ್ಟವ್ವನ್ನು ಬಾಗಿಲ ಬಳಿಗೇ ಎಳೆದುಕೊಂಡಳು. ಕೊತ್ತಂಬರಿ ಹುರಿದು, ಮೆಣಸು, ಹುಣಸೆಹುಳಿ, ಕಾಯಿ ಸೇರಿಸಿ ನುಣ್ಣಗೆ ಅರೆದಳು. ಒಂದು ಕಡಿ ಸಾಕಾಗುವಲ್ಲಿ ಎರಡೂ ಕಡಿ ತುರಿದಳು. ಸಾರು ಕುದಿಯುವಾಗ ಮುಚ್ಚಳ ತೆಗೆದಿಟ್ಟಳು. ಗಾಳಿ ಪಕ್ಕದ ಕೋಣೆಯ ಕಡೆಗೇ ಬೀಸುತ್ತಿತ್ತು.

ಚಂದನಾ ಅಂಗಡಿಗೆಂದು ಹೊರಟು ಗೇಟು ದಾಟಿದ್ದಳಷ್ಟೆ.

"ಹ್ವಾಯ್, ಎಂತ ಇದ್, ಇಡೀ ಪ್ಯಾಟಿಗೆ ಪರಿಮಳ ಹಂಚ್ತಿದ್ಯಾ?" ಹರಿಣಾಕ್ಷಿ ಹೊಸ್ತಿಲಲ್ಲಿ ನಿಂತಿದ್ದಳು.

"ಉಂಬುದಾರೆ ಬಾ."

"ಉಂಬುದೆಲ್ಲ ಬ್ಯಾಡ. ಚಂದನಾ ಬಪ್ಪುದ್ರೊಳ್ಗೆ ಒಂದ್ ಬಂಗ್ಡಿ ಹಾಕ್. ಅದ್ಕೆ ಹೇಳೂಕಾಗ, ಹಾಂ!"

ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಬಿಸಿಗೆ ಊದುತ್ತಾ, ಮುಳ್ಳನ್ನೂ ಚೀಪಿ ತಿಂದಳು. ವಿಜೇತಾ ಕೇಳದೆಯೇ ಇನ್ನೊಂದು ಮೀನು ಹಾಕಿದಳು. ಒಂದು ಗುಟ್ಟು ಈಗ ತಮ್ಮಿಬ್ಬರದೇ ಎನ್ನಿಸಿ ಅವಳ ಎದೆ ತುಂಬಿತು. ಮುಂದಿನ ಭಾನುವಾರವೂ ಬರಬಹುದು. ಕದ್ದಾದರೂ ಬರಲಿ.

ಗೇಟು ಕಿರ್ರೆಂದಿತು.

ಹರಿಣಾಕ್ಷಿ ಅರ್ಧ ತಿಂದ ಮೀನನ್ನು ಬಿಟ್ಟು ಬಚ್ಚಲಿಗೆ ಓಡಿದಳು. ಸಾಬೂನು ಹಚ್ಚಿ ತೊಳೆದಳು. ಹುಣಸೆಹುಳಿ ತಂದು ಉಜ್ಜಿದಳು. ಉಗುರಿನ ಸಂದುಗಳನ್ನು ಒಂದೊಂದಾಗಿ ತಿಕ್ಕಿ, ಮತ್ತೆ ಸಾಬೂನು ಹಚ್ಚಿದಳು. ಯಾರಿಗಾಗಿಯೂ ಹರಿಣಾಕ್ಷಿ ಇಷ್ಟು ನಾಜೂಕಾದದ್ದನ್ನು ವಿಜೇತಾ ಕಂಡಿರಲಿಲ್ಲ.

ಹರಿಣಾಕ್ಷಿ ಮರಳಿ ಬಂದು ಒದ್ದೆ ಕೈಯನ್ನು ಅವಳ ಮೂಗಿನ ಹತ್ತಿರ ಹಿಡಿದಳು. "ಮೂಸಿ ಕಾಣ್. ವಾಸನಿ ಇತ್ತಾ?"

ಸಾಬೂನಿನ ಅಡಿಯಲ್ಲಿ ಬಂಗುಡೆ ಹಾಗೆಯೇ ಇತ್ತು.

"ಇಲ್ಲೆ," ಎಂದಳು ವಿಜೇತಾ. "ಎಂತದೂ ಇಲ್ಲೆ."

ಹರಿಣಾಕ್ಷಿ ನಂಬಿ ಹೋದಳು. ವಿಜೇತಾ ತಟ್ಟೆಗೆ ಅನ್ನ ಬಡಿಸಿಕೊಂಡು ಗೋಡೆಗೆ ಒರಗಿ ಕೂತಳು. ಆಚೆ ಪಾತ್ರೆಯ ಸದ್ದು, ಏನೋ ಮಾತು. ಆಮೇಲೆ ಮಾತು ನಿಂತಿತು. ವಿಜೇತಾ ಗೋಡೆಗೆ ಕಿವಿಗೊಟ್ಟಳು.

"ಬಂಗ್ಡಿಯಾ?" ಚಂದನಾಳ ದನಿ.

ಹರಿಣಾಕ್ಷಿ ಕೆಮ್ಮಿದಳು.

"ಅಯ್ಯೋ ಹೆಣೆ, ಕದ್ದ್ ತಿಂದದ್ದ್ ಎಂತಕೆ? ನಾ ಯಾವಾಗ ಬಿಡ್ ಅಂದೆ ನಿಂಗೆ?" ಎನ್ನುತ್ತಾ ಅವಳು ನಕ್ಕಳು. ನಾಚಿಕೆಯಲ್ಲಿ ತುಸು ತಡೆದು ಹರಿಣಾಕ್ಷಿಯೂ ನಕ್ಕಳು. ಎಂದಿಗಿಂತ ಜೋರಾಗಿ, ಬಹಳ ಹೊತ್ತು ನಕ್ಕರು.

ಆಮೇಲೆ ಗೋಡೆ ಬಡಿದ ಸದ್ದು. "ವಿಜೇತಾ, ಹಪ್ಳ ಸುಟ್ಟ್ ಆಯ್ತ್, ಬಾ!" ಚಂದನಾಳೇ ಕರೆಯುತ್ತಿದ್ದಳು. "ನಿನ್ ಮೀನಿನ್ ಬಟ್ಲನ್ನೂ ಹಿಡ್ಕಂಡ್ ಬಾ. ನಾ ಆಚಿ ತಿರ್ಗಿ ಕೂಕಂತೆ!"

ವಿಜೇತಾ ಅಲುಗಲಿಲ್ಲ.

"ಮನಿಕಂಡಿತ್ತ್ ಕಾಣತ್ತ್," ಎಂದಳು ಹರಿಣಾಕ್ಷಿ.

ವಿಜೇತಾ ಬಾಯಲ್ಲಿದ್ದ ತುತ್ತನ್ನು ಸದ್ದಾಗದಂತೆ ಅಗಿದಳು.