ಮುರುಗೇಶಪ್ಪನವರ ಹಳದಿ ದೀಪ

ಮುರುಗೇಶಪ್ಪನವರು ಯಾರ ಮನೆಗೆ ಹೋದರೂ ಕುಶಲ ವಿಚಾರಿಸುವ ಮೊದಲು ಆ ಮನೆಯ ಫ್ರಿಜ್ಜಿನ ಸದ್ದಿಗೆ ತಲೆ ಓರೆಮಾಡಿ ನಿಲ್ಲುತ್ತಿದ್ದರು. ಅಂಗಿಯ ಜೇಬಿನಲ್ಲಿ ಕನ್ನಡಕವಿಲ್ಲದಿದ್ದೀತು, ಗೇಣುದ್ದದ ಸ್ಕ್ರೂಡ್ರೈವರ್ ಇಲ್ಲದೆ ಇರುತ್ತಿರಲಿಲ್ಲ. ಅದರ ಮೊನೆಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಗೂ ಆನಿಸಿ, ಕಣ್ಣು ಮುಚ್ಚಿ, ಎದೆ ಪರೀಕ್ಷಿಸುವ ವೈದ್ಯರ ಗಾಂಭೀರ್ಯದಲ್ಲಿ "ಬೇರಿಂಗ್ ಹೋಗಿದೆ ಮಾರಾಯ" ಎಂದರೆ ಬೇರಿಂಗ್ ಹೋಗಿರಲೇಬೇಕು. ಭದ್ರಾವತಿಯ ಕಾರ್ಖಾನೆಯ ಕುಲುಮೆ ವಿಭಾಗದಲ್ಲಿ ಮೂವತ್ತೆರಡು ವರ್ಷ ದುಡಿದು ಸಂಪಾದಿಸಿದ ಈ ವಿದ್ಯೆ ಒಮ್ಮೆಯೂ ಅವರಿಗೆ ಕೈಕೊಟ್ಟಿರಲಿಲ್ಲ. ಆಪತ್ತು ಬಂದದ್ದೂ ಅದರಿಂದಲೇ.

ನಿವೃತ್ತರಾಗಿ ಶಿವಮೊಗ್ಗದ ಗೋಪಾಳದಲ್ಲಿ ಮಗಳು ರಶ್ಮಿಯ ಮನೆ ಸೇರಿದ ಎರಡನೇ ವರ್ಷ, ಹೆಂಡತಿ ಸುಭದ್ರಮ್ಮನವರ ಶ್ವಾಸಕೋಶ ಸೋತು, ಗಾಳಿಯಿಂದ ಆಮ್ಲಜನಕವನ್ನು ಸೋಸಿ ಕೊಡುವ ಯಂತ್ರವೊಂದು ಮನೆಗೆ ಬಂತು. ಮುರುಗೇಶಪ್ಪನವರು ಅದನ್ನು ಹೊಸ ಬೀಗರಂತೆ ಉಪಚರಿಸಿದರು: ದಿನಾ ಒರೆಸುವುದೇನು, ಭಾನುವಾರ ಫಿಲ್ಟರ್ ತೊಳೆದು ಒಣಗಿಸುವುದೇನು! ರಶ್ಮಿ ಅದರ ಕೈಪಿಡಿ ಓದಿ ಹೇಳಲು ಹೋದರೆ, "ನಂಗೆ ಪುಸ್ತಕ ಬೇಡ ಕಣೇ, ಮಶೀನೇ ಹೇಳುತ್ತೆ" ಎಂದು ಅದನ್ನು ಕಪಾಟಿನೊಳಗೆ ಸೇರಿಸಿಬಿಟ್ಟರು.

ಕಳೆದ ಆಷಾಢದ ಒಂದು ಬೆಳಿಗ್ಗೆ, ರಶ್ಮಿ ಪಾಠ ಹೇಳಲು ದುರ್ಗಿಗುಡಿಯ ಶಾಲೆಗೆ ಹೋದ ಮೇಲೆ, ಯಂತ್ರದ ಹಸಿರು ದೀಪ ಹಳದಿಯಾಯಿತು. ಅವರು ದುಡಿದ ವಿಭಾಗದಲ್ಲಿ ಕೆಂಪೆಂದರೆ ನಿಲ್ಲಿಸು, ಹಳದಿಯೆಂದರೆ ಒಂದು ಕಣ್ಣಿಟ್ಟು ಕೆಲಸ ನಡೆಸು. ಹಳದಿಗೆಲ್ಲ ಕುಲುಮೆ ನಿಲ್ಲಿಸುವವನನ್ನು ಪುಕ್ಕಲನೆಂದು ನಗುತ್ತಿದ್ದರು. ಈ ಯಂತ್ರದ ಹಳದಿಗೆ ಅರ್ಥವೇ ಬೇರೆ: ಗಾಳಿಯೇನೋ ಬರುತ್ತಿದೆ, ಅದರಲ್ಲಿ ಸಾಕಷ್ಟು ಆಮ್ಲಜನಕವಿಲ್ಲ.

"ರೀ, ಉಸಿರು ಸಾಲ್ತಾ ಇಲ್ಲ" ಎಂದರು ಸುಭದ್ರಮ್ಮ.

ಮುರುಗೇಶಪ್ಪನವರು ಸ್ಕ್ರೂಡ್ರೈವರ್ ಆನಿಸಿ ಕೇಳಿದರು. ಸದ್ದು ಎಲ್ಲಿಯೂ ತಪ್ಪಿರಲಿಲ್ಲ. ನಳಿಕೆಯ ತುದಿಯನ್ನು ಲೋಟದ ನೀರಿನಲ್ಲಿ ಅದ್ದಿದರು. ಬುಳುಬುಳು ಗುಳ್ಳೆ ಬಂತು. "ನೋಡು, ಮಶೀನು ಸರಿಯಾಗೇ ಇದೆ. ನಿಂದೇ ಗಾಬರಿ ಮಾರಾಯ್ತಿ. ಸ್ವಲ್ಪ ಸುಮ್ನೆ ಮಲ್ಕೋ."

ನಲವತ್ತು ವರ್ಷ ಅವರ ಮಾತು ನಂಬಿ ಬಾಳಿದ ಸುಭದ್ರಮ್ಮ ಸುಮ್ಮನೆ ಮಲಗಿದರು. ತುರ್ತಿಗೆಂದು ತಂದಿಟ್ಟ ಆಮ್ಲಜನಕದ ಸಿಲಿಂಡರ್ ಎರಡು ಮಾರು ದೂರದಲ್ಲಿ ಗೋಡೆಗೊರಗಿ ನಿಂತಿತ್ತು. ಮಧ್ಯಾಹ್ನ ಊಟಕ್ಕೆ ಬಂದ ರಶ್ಮಿ ತಾಯಿಯ ನೀಲಿಗಟ್ಟಿದ ಉಗುರು ನೋಡಿ, ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಮಾಪಕ ಸಿಕ್ಕಿಸಿದಳು. ತೊಂಬತ್ತಾದರೂ ಇರಬೇಕಾದ ಅಂಕಿ ಎಪ್ಪತ್ತೊಂದಕ್ಕೆ ಇಳಿದಿತ್ತು. "ಅಪ್ಪಾ, ಸಿಲಿಂಡರ್ ಹಾಕ್ಬಾರ್ದಿತ್ತಾ?" ಎಂದಳು. ನಳಿಕೆಯನ್ನು ಬದಲಾಯಿಸಿ ಸಿಲಿಂಡರಿನ ಕೀಲಿ ತಿರುಗಿಸಿದವರು ಮುರುಗೇಶಪ್ಪನವರೇ. ಒಂದು ನಿಮಿಷವೂ ಹಿಡಿಯಲಿಲ್ಲ. ಅಷ್ಟು ಸಲೀಸಾದ ಕೆಲಸವಾಗಿತ್ತೆಂಬುದೇ ಇಂದಿಗೂ ಅವರನ್ನು ಸುಡುತ್ತದೆ.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಸುಭದ್ರಮ್ಮ ಮನೆಗೆ ಬಂದರು, ಹೊಸ ಯಂತ್ರವೂ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮುರುಗೇಶಪ್ಪನವರಿಗೆ ಈಗ ಕೈಪಿಡಿ ಬಾಯಿಪಾಠ. ಹೆಂಡತಿ ಒಂದು ಮಾತು ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತು. ಸುಭದ್ರಮ್ಮ ಬೈಯಲಿಲ್ಲ. ಪಕ್ಕದ ಕುರ್ಚಿಯಲ್ಲಿ ಗಂಡ ಕುಳಿತಿರುವಾಗಲೇ ಫೋನೆತ್ತಿ, "ರಶ್ಮಿ, ಯಾಕೋ ಉಸಿರು ಕಟ್ತಾ ಇದೆ ಕಣೆ. ಸಿಲಿಂಡರ್ ಹಾಕಕ್ಕೆ ಅಪ್ಪಂಗೆ ಹೇಳು" ಎನ್ನುತ್ತಾರೆ. ಅದು ಕಿವಿಗೆ ಬಿದ್ದೊಡನೆ ಮುರುಗೇಶಪ್ಪನವರು ಎದ್ದು ಸಿಲಿಂಡರಿನ ಬಳಿ ಓಡುತ್ತಾರೆ. ಕೀಲಿ ತಿರುಗಿಸುತ್ತಿರುವಾಗ ರಶ್ಮಿಯ ಕರೆಗೆ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತದೆ.

"ನಂಗೇ ಹೇಳ್ಬಾರ್ದಾ?" ಎಂದು ಒಮ್ಮೆ ಕೇಳಿಯೂ ಕೇಳಿದರು.

"ಹೇಳಿದ್ನಲ್ಲ ಅವತ್ತು" ಎಂದರು ಸುಭದ್ರಮ್ಮ, ಕೋಪವಿಲ್ಲದೆ.

ಇಂಥವರು ನಮ್ಮ ನಡುವೆ ಬಹಳ ಮಂದಿ. ಕೆಟ್ಟವರಲ್ಲ, ಕಷ್ಟವೆಂದವರ ಮನೆಗೆ ಮೊದಲು ಓಡುವವರೂ ಇವರೇ. ಪರೀಕ್ಷಿಸಿ ಸರಿಪಡಿಸುವುದನ್ನೇ ಪ್ರೀತಿಯೆಂದು ತಿಳಿದ ಇವರಿಗೆ, ತಮ್ಮವರ ಸಂಕಟವನ್ನು ಬರಿಯ ಮಾತಿನ ಮೇಲೆ ನಂಬುವುದು ಕೈಕಟ್ಟಿ ಕೂತಂತೆ ತೋರುತ್ತದೆ. ನಂಬಲು ಅವರು ಕಲಿಯುವ ಹೊತ್ತಿಗೆ, ಮನೆಯವರು ಅವರಿಗೆ ಹೇಳುವುದನ್ನು ಬಿಟ್ಟಿರುತ್ತಾರೆ.