ಹಗೇವಿಗೆ ಇಳಿಸಿದ ಬ್ಯಾಟರಿ

ಹನ್ನೆರಡರ ಬಸ್ಸಿಗೆ ಸಿದ್ದಲಿಂಗವ್ವ ಬೈಲಹೊಂಗಲಕ್ಕೆ ಹೊರಡಬೇಕಿತ್ತು. ಮರುದಿನ ಎಸ್ಸೆಸ್ಸೆಲ್ಸಿಯ ವಿಜ್ಞಾನದ ಪೇಪರು. ದೊಡವಾಡದ ಆ ಓಣಿಯಿಂದ ಪರೀಕ್ಷೆಗೆ ಕೂತ ಮೊದಲ ಹುಡುಗಿ ಅವಳು; ಹೀಗಾಗಿ ಅವಳ ಪಾಸು-ನಪಾಸಿನ ಚಿಂತೆ ಅವಳಿಗಿಂತ ಓಣಿಯವರಿಗೇ ಹೆಚ್ಚು. ಬೆಳಗಿನಿಂದ ಹಿತ್ತಲ ಕಟ್ಟೆಯ ಮೇಲೆ ಕೂತು ಒಂದೇ ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದಳು.

"ಕೂಡಿಟ್ಟ ಕಾಳೂ ಉಸಿರಾಡುತ್ತದೆ. ಆಮ್ಲಜನಕವನ್ನು ಎಳೆದುಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಈ ಅನಿಲವು ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ಅಲ್ಲಿ ಬೆಂಕಿ ಉರಿಯದು, ಪ್ರಾಣಿ ಬದುಕದು."

ಹತ್ತು ಮಾರು ಆಚೆ ಅವಳಪ್ಪ ಮಡಿವಾಳೆಪ್ಪ ಮತ್ತು ಮನೆಯ ಹಳೆಯ ಆಳು ಲಗಮಪ್ಪ ಹಗೇವಿನ ಬಾಯಿಗೆ ಮುಚ್ಚಿದ್ದ ಕಲ್ಲು ಸರಿಸುತ್ತಿದ್ದರು. ನೆಲದೊಳಗೆ ಎರಡಾಳು ಆಳಕ್ಕೆ ತೋಡಿದ ಕಣಜ ಅದು. ಬಾಯಿ ಮಾತ್ರ ಒಬ್ಬ ನುಸುಳುವಷ್ಟು. ದೀಪಾವಳಿಯಲ್ಲಿ ಬೇಕಾದಷ್ಟು ತೆಗೆದು ಮತ್ತೆ ಮುಚ್ಚಿದ್ದ ಹಗೇವಿನ ತಳದಲ್ಲಿ ಜೋಳ ಉಳಿದಿತ್ತು. ಪರೀಕ್ಷೆ ಮುಗಿಯುವ ತನಕ ಮಗಳು ಸೋದರತ್ತೆಯ ಮನೆಯಲ್ಲಿ ಉಣ್ಣುವವಳು. ಬರಿಗೈಲಿ ಕಳಿಸಿದರೆ ಮಡಿವಾಳೆಪ್ಪನ ಮೀಸೆ ಮಣ್ಣಾಗುತ್ತಿತ್ತು. ಒಂದು ಚೀಲ ಜೋಳ ಬಸ್ಸಿನ ನೆತ್ತಿಗೆ ಏರಲೇಬೇಕಿತ್ತು.

ಹಗೇವು ತೆರೆದರೆ ಒಂದು ದಿನ ಬಾಯಿ ಬಿಚ್ಚಿಡಬೇಕು, ಆಮೇಲೆ ದೀಪ ಇಳಿಸಿ ನೋಡಬೇಕು, ದೀಪ ಆರಿದರೆ ಯಾರೂ ಇಳಿಯಬಾರದು. ಮುತ್ತಜ್ಜನ ಕಾಲದ ಈ ಮಾತು ಇಬ್ಬರಿಗೂ ಗೊತ್ತು. ಒಂದು ದಿನ ಕಾಯಲು ಬಸ್ಸು ಕೇಳಬೇಕಲ್ಲ!

"ಕಂದೀಲು ತರಲೇನ್ರಿ, ಸಾವಕಾರ್ರ?" ಎಂದ ಲಗಮಪ್ಪ.

"ಬ್ಯಾಡ. ಚಿಮಣಿ ಎಣ್ಣಿ ಜ್ವಾಳದಾಗ ಚೆಲ್ಲಿದರ ನಮ್ಮಕ್ಕ ನನ್ನ ಜನ್ಮ ಜಾಲಾಡತಾಳ." ಮಡಿವಾಳೆಪ್ಪ ಸವದತ್ತಿಯಲ್ಲಿ ಕೊಂಡ ಹೊಸ ಬ್ಯಾಟರಿಯನ್ನು ಹೊರಗೆ ತೆಗೆದ. ಅದನ್ನು ಹಾಡಹಗಲೇ ಹಚ್ಚಿ ನಾಲ್ಕು ಜನಕ್ಕೆ ತೋರಿಸದಿದ್ದರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ. "ಇದೂ ದೀಪನ. ಇಳಸು."

ದಾರ ಕಟ್ಟಿ ಇಳಿಸಿದರು. ಬ್ಯಾಟರಿ ತಳ ಮುಟ್ಟಿ, ಜೋಳದ ಮೇಲೆ ಬೆಳಗುತ್ತಲೇ ಇತ್ತು.

"ಆರಿತೇನು? ಹೊತ್ತು ಮಾಡಬ್ಯಾಡ, ಇಳಿ."

ಇವರ ಗದ್ದಲಕ್ಕೆ ಬೇಸತ್ತು ಸಿದ್ದಲಿಂಗವ್ವ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಮೂರನೆಯ ಸಲ ಶುರುಮಾಡಿದಳು. ಬೆಂಕಿ ಉರಿಯದು, ಪ್ರಾಣಿ ಬದುಕದು. ಉದಾಹರಣೆ: ಮುಚ್ಚಿದ ಪಾತ್ರೆಯೊಳಗಿನ ದೀಪ. ದೀಪ ಎನ್ನುವಾಗ ಅವಳ ಕಣ್ಣು ಗೋಡೆಯ ಗೂಟದ ಕಡೆ ಹೋಯಿತು. ಕಂದೀಲು ಅಲ್ಲೇ ನೇತಾಡುತ್ತಿತ್ತು. ಹಗೇವಿನ ಬಾಯಲ್ಲಿ ಲಗಮಪ್ಪನ ರುಮಾಲು ಕೆಳಗೆ ಮುಳುಗುತ್ತಿತ್ತು.

ಪುಸ್ತಕ ಎತ್ತಲೋ ಬಿತ್ತು. "ಯಪ್ಪಾ! ಲಗಮಪ್ಪ ಕಾಕಾನ್ನ ಮ್ಯಾಲ ಎಳಿ!"

"ದೀಪ ಆರಿಲ್ಲ. ನೀ ಓದು ಹೋಗು."

"ಬ್ಯಾಟ್ರಿಗೆ ಗಾಳಿ ಬೇಕಾಗಿಲ್ಲೋ ಯಪ್ಪಾ! ಅದು ಸೆಲ್ಲಿನ ಮ್ಯಾಲ ಉರೀತೈತಿ!"

"ಸಾವಕಾರ್ರ, ಚೀಲ..." ಒಳಗಿನಿಂದ ಬಂದ ಮಾತು ಅಲ್ಲಿಗೇ ನಿಂತಿತು. ಆಮೇಲೆ ಏನೋ ಧೊಪ್ಪೆಂದಿತು.

ಮಡಿವಾಳೆಪ್ಪ ಎರಡು ಸಲ ಕೂಗಿದ. ಧೋತರ ಮೇಲೆ ಕಟ್ಟಿ ಹಗೇವಿನೊಳಗೆ ಕಾಲಿಟ್ಟ. ಸಿದ್ದಲಿಂಗವ್ವ ಹಿಂದಿನಿಂದ ಅವನ ಸೊಂಟ ಹಿಡಿದು ಜೋತುಬಿದ್ದಳು.

"ಬಿಡು! ನನ್ನ ಮಾತಿಗೆ ಇಳದಾನ ಅಂವ!" ಎಂದು ಕೆನ್ನೆಗೆ ಬಾರಿಸಿದ. ಹುಟ್ಟಿದಾಗಿನಿಂದ ಅಪ್ಪ ಅವಳಿಗೆ ಕೈ ಎತ್ತಿದವನಲ್ಲ. ಆದರೂ ಅವಳು ಬಿಡಲಿಲ್ಲ.

"ನೀನೂ ಬಿದ್ದರ ಇಬ್ಬರನ್ನ ನಾ ಒಬ್ಬಾಕಿ ಹೆಂಗ ಎಳೀಲಿ? ಹಗ್ಗ ಹಿಡಿ ಯಪ್ಪಾ, ಹಗ್ಗ!"

ಪುಣ್ಯಕ್ಕೆ ಲಗಮಪ್ಪ ಕಂಕುಳ ಕೆಳಗೆ ಹಗ್ಗ ಬಿಗಿದುಕೊಂಡೇ ಇಳಿದಿದ್ದ. ಇಬ್ಬರೂ ಕಾಲೂರಿ ಎಳೆದರು. ಅಂಗೈಯ ತೊಗಲು ಸುಲಿಯಿತು. ಬಾಯಿಗೆ ಬಂದಾಗ ಹೆಗಲು ಅಡ್ಡ ಸಿಕ್ಕಿಕೊಂಡಿತು. ಅವಳು ಉಸಿರು ಕಟ್ಟಿ ಬಗ್ಗಿ, ಅವನ ಒಂದು ಕೈ ನೆಟ್ಟಗೆ ಮಾಡಿ ಮೇಲಕ್ಕೆ ಜಗ್ಗಿದಳು. ಹೊರಗೆ ಬಂದ ಲಗಮಪ್ಪನ ತುಟಿ ನೀಲಿಯಾಗಿತ್ತು.

ಮುಂದೇನು ಮಾಡಬೇಕೆಂದು ಪಾಠದಲ್ಲಿ ಇರಲಿಲ್ಲ. ಅಪ್ಪ ಧೋತರದ ಚುಂಗಿನಿಂದ ಗಾಳಿ ಹಾಕುತ್ತ ಮಕ್ಕಳಂತೆ ಅಳುತ್ತಿದ್ದ. ಅವಳು ಲಗಮಪ್ಪನ ಅಂಗಿಯ ಗುಂಡಿ ಹರಿದು ಎದೆ ತಿಕ್ಕಿದಳು. ಊರ ಅಗಸಿ ಬಾಗಿಲ ಕಡೆ ಬಸ್ಸು ಹಾರನ್ ಹೊಡೆಯಿತು, ಮತ್ತೊಮ್ಮೆ ಹೊಡೆಯಿತು, ಹೋಯಿತು. ಇಬ್ಬರೂ ಆ ಕಡೆ ತಿರುಗಲಿಲ್ಲ.

ಕೊನೆಗೆ ಲಗಮಪ್ಪ ಕೆಮ್ಮಿದ. ಮತ್ತೆ ಕೆಮ್ಮಿ, ವಾಂತಿ ಮಾಡಿಕೊಂಡು, ಕಣ್ಣು ಬಿಟ್ಟ. ಮಡಿವಾಳೆಪ್ಪ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಗಳು ಸಾಲಿಯಲ್ಲಿ ಕಲಿತದ್ದರಿಂದಲೇ ನೀನು ಉಳಿದೆ ಎಂದು ಹೇಳುತ್ತಿದ್ದ.

ಲಗಮಪ್ಪ ಅವಳ ಕಡೆ ಕಣ್ಣು ಹೊರಳಿಸಿದ. "ಒಳಗ ಹಿಂಗ ಆಗತೈತಿ ಅಂತ ನಿನಗ ಮೊದಲ ಗೊತ್ತಿತ್ತೇನ, ಯವ್ವಾ?"

ಸಿದ್ದಲಿಂಗವ್ವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಗೊತ್ತಿತ್ತು, ಕಾಕಾ. ನೀ ಇಳಿಯೂ ಮುಂದನೂ ಅದ ಪಾಠ ಒಪ್ಪಸಾಕ ಹತ್ತಿದ್ದೆ."